ಕೂಗದೆ ಕೂತವರು

ಮೆಟುಚೆನ್, ನ್ಯೂಜೆರ್ಸಿ
8 ನವೆಂಬರ್ 1998

ನನ್ನ ಮುದ್ದು ಅಮ್ಮನಿಗೆ,

ಬಂದು ಮೂರು ವಾರವಾಯಿತು, ತೆರೆದ ಬಾಯಿ ಇನ್ನೂ ಮುಚ್ಚಿಲ್ಲ! ಕಿಟಕಿಯ ಹೊರಗೆ ಮರಗಳೆಲ್ಲ ಅರಿಶಿನ ಕುಂಕುಮ ಚೆಲ್ಲಿಕೊಂಡು ನಿಂತಿವೆ. ಬೆಳಿಗ್ಗೆ ಏಳೂಕಾಲಿನ ರೈಲಿಗೆ ಇಡೀ ಊರೇ ಕೋಟು ಹಾಕಿಕೊಂಡು ಓಡುತ್ತದೆ, ಅದರಲ್ಲಿ ನಿನ್ನ ಅಳಿಯನೂ ಒಬ್ಬ. ಮ್ಯಾನ್‌ಹ್ಯಾಟನ್ನಿನ ಒಂದು ಬ್ಯಾಂಕಿನ ಹಳೇ ಕಂಪ್ಯೂಟರ್ ಪ್ರೋಗ್ರಾಮುಗಳು ಎರಡು ಸಾವಿರದ ಇಸವಿ ಹುಟ್ಟಿದಾಗ ತಲೆಕೆಡದಂತೆ ನೋಡಿಕೊಳ್ಳುವುದು ಅವರ ಕೆಲಸ. ಸಂಜೆ ಬಂದವರೇ ಕೋಟು ಬಿಚ್ಚದೆ ಒಲೆ ಮುಂದೆ ನಿಂತು, 'ಏನು ಮಾಡಿದೀಯ ಅಪ್ಪಿ?' ಎನ್ನುತ್ತಾರೆ. ನಿನ್ನೆ ಅವರೇ ಉಪ್ಪಿಟ್ಟು ಮಾಡಿದರು. ಹೊಗೆಗೆ ಮನೆಯ ಅಲಾರಂ ಕಿರುಚಿಕೊಂಡು ಪಕ್ಕದ ಮನೆಯವರು ಓಡಿಬಂದರು. ಆದರೂ ತಿಂದೆವು, ಚೆನ್ನಾಗಿತ್ತು!

ಫೋನ್ ಮಾಡಬಹುದಿತ್ತು. ಆದರೆ ನಿನಗೆ ಫೋನ್ ಬರುವುದು ಚೀಟಿ ನಡೆಸುವ ಶೈಲಮ್ಮನವರ ಹಜಾರಕ್ಕೆ, ಅವರು ಸೋಫಾದಲ್ಲೇ ಕೂತು ಕಿವಿಯನ್ನು ನಮ್ಮ ಮಾತಿನ ಮೇಲೇ ಇಟ್ಟಿರುತ್ತಾರೆ. ಅದಕ್ಕೆ ಕಾಗದವೇ ವಾಸಿ. ಕಾನ್ವೆಂಟ್ ಹುಡುಗಿಯ ಕನ್ನಡ ಅಂತ ನಗಬೇಡ.

ಒಂದು ವಿಚಿತ್ರ ಹೇಳಲೇ? ನನ್ನ ಹೆಸರಿಗೂ ಬ್ಯಾಂಕಿನಲ್ಲಿ ಖಾತೆ ತೆರೆದೆವು. ಖಾತೆಯಲ್ಲಿ ಸಾವಿರದೈನೂರು ಡಾಲರ್ ಇದ್ದರೆ ಚಾರ್ಜೇ ಇಲ್ಲವಂತೆ, ಅದಕ್ಕಿಂತ ಕಡಿಮೆಯಾದರೆ ತಿಂಗಳು ತಿಂಗಳು ಹಿಡಿಯುತ್ತಾರಂತೆ. 'ರೀ, ಇದ್ದೋರಿಗೆ ಫ್ರೀ, ಇಲ್ದೋರಿಗೆ ದುಡ್ಡಾ?' ಎಂದೆ. 'ಹೂಂ ಕಣೇ, ಅಷ್ಟು ಗೊತ್ತಾದ್ರೆ ಅಮೆರಿಕ ಅರ್ಧ ಗೊತ್ತಾದಂಗೆ' ಎಂದರು. ನೋಡುತ್ತಾ ಹೋದರೆ ಎಲ್ಲವೂ ಹಾಗೇ! ರೈಲಿನ ತಿಂಗಳ ಪಾಸು ಕೊಂಡರೆ ಅಗ್ಗ, ದಿನದಿನದ ಟಿಕೆಟ್ ದುಬಾರಿ. ದೊಡ್ಡ ಗೋದಾಮಿನಂಥ ಅಂಗಡಿಯಲ್ಲಿ ಎಣ್ಣೆ, ಅಕ್ಕಿ, ಸೋಪು ಎಲ್ಲ ಅರ್ಧ ಬೆಲೆಗೆ ಸಿಗುತ್ತವೆ. ಆದರೆ ಒಳಗೆ ಹೋಗಲು ವರ್ಷದ ಕಾರ್ಡು ಬೇಕು, ತರಲು ಕಾರು ಬೇಕು, ಇಡಲು ಜಾಗ ಬೇಕು. ನಾವು ತಳ್ಳುಗಾಡಿ ತುಂಬಿಕೊಂಡು ಬಂದು 'ಇಷ್ಟು ಉಳಿಯಿತು' ಎಂದು ಕುಣಿದೆವು. ಖರ್ಚು ಮಾಡಿಯೂ ಉಳಿಸುವ ಊರು ಇದು ಅಮ್ಮ!

ನಿನ್ನ ಚೀಟಿ ಎಲ್ಲಿಗೆ ಬಂತು? ಈ ಸಲ ಕೊನೆಯವರೆಗೂ ಬಾಯಿ ತೆರೆಯಲ್ಲ, ಪೂರ್ತಿ ಹತ್ತು ಸಾವಿರ ಎತ್ತಿ ಸ್ವಂತ ಮೆಷಿನ್ ಕೊಳ್ಳುತ್ತೇನೆ ಎಂದು ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ್ದೀಯ. ನೆನಪಿರಲಿ. ಲಾವಣ್ಯಾಗೆ ಚೆನ್ನಾಗಿ ಓದಲು ಹೇಳು. ಅಕ್ಕನ ಬಳೆಗಳನ್ನು ಮುಟ್ಟಬಾರದೆಂದೂ ಹೇಳು.

ನಿನ್ನ ನೆನಪಿನಲ್ಲೇ ನಗುತ್ತಿರುವ,
ಅಪ್ಪಿ


ಮೈಸೂರು
6 ಡಿಸೆಂಬರ್ 1998

ಚಿ. ಅರ್ಪಿತಾಳಿಗೆ ಅಮ್ಮನ ಆಶೀರ್ವಾದ.

ಕಾಗದ ಸೇರಿತು. ಲಾವಣ್ಯಾ ಜೋರಾಗಿ ಓದಿದಳು, ಉಪ್ಪಿಟ್ಟಿನ ಭಾಗವನ್ನು ಎರಡು ಸಲ. ಅಳಿಯಂದಿರನ್ನು ಒಲೆ ಮುಂದೆ ನಿಲ್ಲಿಸಬೇಡ.

ಬ್ಯಾಂಕಿನದು ಓದಿ ನಗು ಬಂತು. ಅದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಿತ್ತೇ? ಸೀರೆ ಫಾಲ್, ಜಿಗ್‌ಜಾಗ್ ಹೊಲಿಯುವ ಈ ಮೆಷಿನ್ನಿಗೆ ಶೈಲಮ್ಮನವರಿಗೆ ಏಳು ವರ್ಷದಿಂದ ತಿಂಗಳ ಬಾಡಿಗೆ ಕಟ್ಟುತ್ತಿದ್ದೇನೆ. ಆ ಬಾಡಿಗೆಯಲ್ಲಿ ಹೊಸ ಮೆಷಿನ್ನೇ ಬಂದು ಮೇಲೆ ಉಳಿಯುತ್ತಿತ್ತು. ಆದರೆ ಒಟ್ಟಿಗೆ ಕೊಡಲು ಕೈಯಲ್ಲಿ ಇರಬೇಕಲ್ಲ.

ಚೀಟಿಯಲ್ಲಿ ಇಪ್ಪತ್ತು ಜನರ ಪೈಕಿ ಇನ್ನು ಎಂಟು ಜನ ಎತ್ತಬೇಕು. ನಾನು ಇನ್ನೂ ಕೂಗಿಲ್ಲ. ನಿನ್ನ ಮದುವೆಗೂ ಕೂಗಲಿಲ್ಲ, ನಿನಗೆ ಗೊತ್ತು. ಮೊನ್ನೆ ಶೈಲಮ್ಮನವರು ಕೇಳಿದರು, 'ಏನು ಗೌರಮ್ಮ, ಈ ಸಲ ಬಾಯಿಗೆ ಬೀಗ ಹಾಕ್ಕೊಂಡಿದೀಯ?' ಎಂದು. 'ಗಂಟಲು ನೋವು ಕಣ್ರೀ' ಎಂದೆ.

ಹೂ ಮಾರುವ ನಿಂಗಮ್ಮ ನಿನ್ನನ್ನು ಕೇಳಿದಳು. ಅಲ್ಲಿ ಮಲ್ಲಿಗೆ ಸಿಗುತ್ತದಾ?

ಅಮ್ಮ


ಮೆಟುಚೆನ್
7 ಮಾರ್ಚ್ 1999

ಅಮ್ಮಾ,

ಮಲ್ಲಿಗೆ ಇಲ್ಲ, ಹಿಮ ಇದೆ! ರಾಶಿ ರಾಶಿ! ಆದರೆ ಇವತ್ತಿನ ಸುದ್ದಿ ಹಿಮದ್ದಲ್ಲ. ನಾನೂ ಒಂದು ಚೀಟಿ ಶುರು ಮಾಡಿದೆ!

ಇಲ್ಲಿ ನೀತಾ ಆಂಟಿ ಎಂದು ಇದ್ದಾರೆ, ಇಪ್ಪತ್ತು ವರ್ಷದ ಹಿಂದೆ ಮೈಸೂರಿನಿಂದ ಬಂದವರು. ಪಕ್ಕದ ಎಡಿಸನ್ನಿನಲ್ಲಿ ಅವರ ಮನೆ. ನನ್ನನ್ನು ಮಗಳಂತೆ ಎಲ್ಲ ಕಡೆ ಕರೆದುಕೊಂಡು ಹೋಗುತ್ತಾರೆ. ಅವರ ಹತ್ತಿರ ನಮ್ಮ ಓಣಿಯ ಚೀಟಿಯ ಕಥೆ ಹೇಳಿದೆ. 'ಅಯ್ಯೋ, ನಮ್ಮಮ್ಮನೂ ಹಾಕ್ತಿದ್ರು ಕಣೇ! ನಾವೂ ಮಾಡೋಣ, ಮಜಾ ಇರತ್ತೆ' ಎಂದು ಹತ್ತು ಹೆಂಗಸರನ್ನು ಸೇರಿಸಿಯೇಬಿಟ್ಟರು. ಒಬ್ಬೊಬ್ಬರದು ತಿಂಗಳಿಗೆ ನೂರು ಡಾಲರ್. ನಿನ್ನ ಅಳಿಯ ಮಂಜೇಶ್ 'ನಿನ್ನ ಕಿಟ್ಟಿ ಪಾರ್ಟಿಗೆ ನಾನು ಸ್ಪಾನ್ಸರ್' ಎಂದು ನನ್ನ ಮೊದಲ ನೂರನ್ನು ಕೈಗಿಟ್ಟರು.

ನಿನ್ನೆ ಮೊದಲ ಕೂಗು. ನೀತಾ ಆಂಟಿಯ ಮಗಳು ಇಶಾ ಹೈಸ್ಕೂಲಿನಲ್ಲಿದ್ದಾಳೆ. ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಅವಳಿಗೆ ನಿಯಮ ವಿವರಿಸಿದೆ. ತಿಂಗಳಿಗೊಬ್ಬರು ಇಡೀ ಗಂಟು ಎತ್ತಬಹುದು. ಹಲವರಿಗೆ ಬೇಕಾದರೆ, ಯಾರು ಹೆಚ್ಚು ಬಿಟ್ಟುಕೊಡುತ್ತೇನೆ ಎಂದು ಕೂಗುತ್ತಾರೋ ಅವರಿಗೆ. ಬಿಟ್ಟುಕೊಟ್ಟಿದ್ದನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಕೂಗದೆ ಕೊನೆಯವರೆಗೆ ಕೂತವರಿಗೆ ಗಂಟೂ ಪೂರ್ತಿ, ತಿಂಗಳು ತಿಂಗಳು ಹಂಚಿದ್ದೂ ಸಿಕ್ಕಿರುತ್ತದೆ. ಅವಳು ಹುಬ್ಬು ಗಂಟಿಕ್ಕಿ, 'ವೇಟ್, ಸೋ ದ ಪರ್ಸನ್ ಹೂ ನೀಡ್ಸ್ ಇಟ್ ಮೋಸ್ಟ್ ಗೆಟ್ಸ್ ದ ಲೀಸ್ಟ್?' ಎಂದಳು. ಅಂದರೆ, ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದಾ ಎಂದು. ಇಷ್ಟು ವರ್ಷ ಅದರೊಳಗೇ ಬೆಳೆದರೂ ನಾನು ಹಾಗೆ ಯೋಚಿಸಿರಲಿಲ್ಲ.

ಆಮೇಲೆ ಏನಾಯಿತು ಗೊತ್ತೇ? ನಾನು ಶೈಲಮ್ಮನವರ ಥರ ಸೆರಗು ಸಿಕ್ಕಿಸಿಕೊಂಡು, 'ಸಾವಿರ ಡಾಲರ್ ಗಂಟು! ಯಾರು ಎಷ್ಟು ಬಿಡ್ತೀರಿ?' ಎಂದು ಕೂಗಿದೆ. ಯಾರೂ ಮಾತಾಡಲಿಲ್ಲ. ಇನ್ನೊಮ್ಮೆ ಕೂಗಿದೆ. ಒಬ್ಬರು ಚಕ್ಕುಲಿ ಕಡಿದರು.

'ನೀವು ತಗೊಳ್ಳಿ.'
'ಅಯ್ಯೋ ನಂಗ್ಯಾಕೆ, ನೀವು ತಗೊಳ್ಳಿ.'
'ನಮ್ಮನೇಲಿ ಸುಮ್ನೆ ಬಿದ್ದಿರತ್ತೆ ಕಣ್ರೀ. ನೀತಾ, ನೀವೇ.'
'ನಂಗೆ ಬೇಡಪ್ಪ, ಕೊನೇಲಿ ಕೊಡಿ.'

ತಟ್ಟೆಯಲ್ಲಿ ಉಳಿದ ಒಂದೇ ಒಂದು ವಡೆಯ ಹಾಗೆ ಸಾವಿರ ಡಾಲರ್ ಮಧ್ಯದಲ್ಲಿ ಕೂತಿತ್ತು! ಕೊನೆಗೆ 'ಹೊಸ ಹುಡುಗಿ, ಅರ್ಪಿತಾನೇ ತಗೊಳ್ಲಿ' ಎಂದು ನನ್ನ ಮಡಿಲಿಗೆ ಹಾಕಿದರು. ಒಂದು ಪೈಸೆ ಬಿಡದೆ, ಪೂರ್ತಿ, ಮೊದಲನೇ ತಿಂಗಳೇ! ಯಾರಿಗೂ ಬೇಡದ ಕಡೆ ದುಡ್ಡು ಬಿಟ್ಟಿ ಸಿಗುತ್ತದೆ ಅಮ್ಮ. ಎಲ್ಲರಿಗೂ ಬೇಕಾದ ಕಡೆ ದುಡ್ಡಿಗೇ ದುಡ್ಡು ಕೊಡಬೇಕು.

ಮನೆಗೆ ಬರುವಾಗ ನಮ್ಮ ಜೂನ್ ತಿಂಗಳುಗಳು ಕಣ್ಣ ಮುಂದೆ ಬಂದವು. ಶೈಲಮ್ಮನವರ ಹಜಾರ, ನಿನ್ನ ಮಡಿಲಲ್ಲಿ ನಾನು. ಎಲ್ಲರ ಮಕ್ಕಳಿಗೂ ಅದೇ ತಿಂಗಳು ಫೀಸು. 'ಎರಡು ಸಾವಿರ ಬಿಟ್ಟೆ!' 'ಎರಡೂವರೆ!' ನಿನ್ನ ದನಿ ಎದೆಯೊಳಗಿನಿಂದ ನನ್ನ ಬೆನ್ನಿಗೆ ಗುಂಯ್‌ಗುಟ್ಟುತ್ತಿತ್ತು. 'ಮೂರು!' ನೀನು ಗೆದ್ದೆ ಎಂದು ನಾನು ಚಪ್ಪಾಳೆ ತಟ್ಟುತ್ತಿದ್ದೆ. ನನ್ನ ಕಾನ್ವೆಂಟ್ ಫೀಸು ಇಷ್ಟು ಎಂದು ಮಾತ್ರ ನಾನು ತಿಳಿದಿದ್ದೆ. ಅದರ ನಿಜವಾದ ಬೆಲೆ ನನಗೆ ನಿನ್ನೆ ಗೊತ್ತಾಯಿತು.

ಈ ಸಲ ನೀನು ಕೂಗಲೇಬಾರದು. ಕೇಳಿಸಿತೇ?

ಸಾವಿರ ಮುತ್ತುಗಳೊಂದಿಗೆ,
ಅಪ್ಪಿ


ಮೈಸೂರು
18 ಏಪ್ರಿಲ್ 1999

ಚಿ. ಅರ್ಪಿತಾಳಿಗೆ ಆಶೀರ್ವಾದ.

ಚೀಟಿಯ ಕಥೆಯನ್ನು ನಿಂಗಮ್ಮನಿಗೆ ಹೇಳಿದೆ. ನಂಬಲಿಲ್ಲ. 'ಬಿಡಕ್ಕೋ, ದುಡ್ಡು ಬ್ಯಾಡ ಅನ್ನೋ ಹೆಂಗಸರೂ ಅವ್ರಾ?' ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಲಾವಣ್ಯಾಳ ಪಿಯುಸಿ ಪರೀಕ್ಷೆ ಮುಗಿಯಿತು. ಕಂಪ್ಯೂಟರ್ ಡಿಗ್ರಿ ಓದುತ್ತಾಳಂತೆ. ಓದಲಿ. ಜೂನ್ ಕೊನೆಯ ವಾರ ಎಂಟು ಸಾವಿರ ಕಟ್ಟಬೇಕು. ಮದುವೆ ಕಾಲದ ಸೀರೆ ಹೊಲಿಗೆಯಲ್ಲಿ ಅರ್ಧದಷ್ಟು ಸೇರಬಹುದು, ಅಷ್ಟೆ. ಹಾಗಾಗಿ ಜೂನ್ ಚೀಟಿಯನ್ನು ಕೂಗಬೇಕಾಗುತ್ತದೆ. ಆಗ ನಾನು, ನಿಂಗಮ್ಮ, ಶೈಲಮ್ಮ ಮೂವರೇ ಉಳಿದಿರುತ್ತೇವೆ. ನಿಂಗಮ್ಮನಿಗೂ ಅದೇ ತಿಂಗಳು ಹೊಸ ಮನೆಗೆ ಅಡ್ವಾನ್ಸ್ ಕೊಡಬೇಕು. ನಾವಿಬ್ಬರೂ ಒಬ್ಬರ ಮೇಲೊಬ್ಬರು ಕೂಗುತ್ತೇವೆ, ಶೈಲಮ್ಮ ಕಾಫಿ ಕುಡಿಯುತ್ತಾರೆ.

ಮೆಷಿನ್ ಎಲ್ಲಿಗೂ ಓಡಿಹೋಗುವುದಿಲ್ಲ. ನೀನು ದುಡ್ಡು ಕಳಿಸುವ ಯೋಚನೆ ಮಾಡಬೇಡ. ಅಳಿಯಂದಿರ ಮನೆಯ ದುಡ್ಡು ನಾನು ಮುಟ್ಟುವವಳಲ್ಲ. 'ಅದು ನನ್ನ ಚೀಟಿ ದುಡ್ಡು' ಎಂದೂ ಬರೆಯಬೇಡ. ಆ ನೂರು ಡಾಲರ್ ಯಾವ ಮರದಲ್ಲಿ ಬಿಟ್ಟಿದ್ದು ಎಂದು ನನಗೆ ಗೊತ್ತು.

ಅಮ್ಮ


ಮೆಟುಚೆನ್
2 ಮೇ 1999

ಅಮ್ಮಾ, ಅಮ್ಮಾ, ಅಮ್ಮಾ,

ನಿನ್ನ ಕಾಗದವನ್ನು ಓದಿ ಮೊದಲು ಅತ್ತೆ, ಆಮೇಲೆ ಸಿಟ್ಟು ಬಂತು, ಆಮೇಲೆ ಐಡಿಯಾ ಬಂತು.

ಮಂಜೇಶ್ ಹೇಳಿದರು, 'ನಿಮ್ಮಮ್ಮ ತಗೊಳ್ಳಲ್ಲ ಬಿಡು. ಮದುವೆ ಆದ್ಮೇಲೆ ನಮ್ಮನೇಲಿ ಒಂದು ಲೋಟ ನೀರೂ ಕುಡೀಲಿಲ್ಲ ಅವ್ರು.' 'ಕೊಡ್ತೀನಿ ಅಂತ ಯಾರು ಅಂದ್ರು?' ಎಂದೆ.

ನಮ್ಮ ಅಕ್ಕಿ ಡಬ್ಬ ನೆನಪಿದೆಯಾ? ಅದರ ತಳದಲ್ಲಿ ಓಣಿಯ ಅರ್ಧ ಬಂಗಾರವಿರುತ್ತಿತ್ತು. ನಿಂಗಮ್ಮನ ಓಲೆ, ಅವಳ ಗಂಡನ ಕೈಗೆ ಸಿಗಬಾರದೆಂದು. ಇನ್ಯಾರದೋ ಕಾಲುಚೈನು, ಇನ್ಯಾರದೋ ಉಂಗುರ. ಯಾರು ಬಂದು 'ಗೌರಮ್ಮ, ಇದನ್ನು ಇಟ್ಟುಕೊಂಡಿರು' ಎಂದರೂ ನೀನು ಬೇಡವೆಂದದ್ದನ್ನು ನಾನು ನೋಡಿಲ್ಲ. ಇನ್ನೊಬ್ಬರ ಇಡುಗಂಟನ್ನು ಬೇಡ ಅನ್ನಬಾರದು ಎಂದು ನೀನೇ ಹೇಳುತ್ತಿದ್ದೆ.

ಹಾಗಾದರೆ ನನ್ನದನ್ನೂ ಇಟ್ಟುಕೋ. ಮಂಜೇಶರ ಸ್ನೇಹಿತ ಸಾಗರ್ ತಂಗಿಯ ಮದುವೆಗೆ ಮೈಸೂರಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಒಂದು ಪುಟ್ಟ ಬಟ್ಟೆಯ ಗಂಟು ಕಳಿಸುತ್ತಿದ್ದೇನೆ. ಒಳಗೆ ಮೂರು ನೋಟುಗಳಿವೆ, ಒಂದೊಂದೂ ನೂರು ಡಾಲರಿನದು. ನಮ್ಮ ದುಡ್ಡಿನಲ್ಲಿ ಹನ್ನೆರಡು ಸಾವಿರದ ಮೇಲಾಗುತ್ತದೆ. ಬಾಯಿಯನ್ನು ನಾನೇ ಹೊಲಿದಿದ್ದೇನೆ. ಹೊಲಿಗೆ ಸೊಟ್ಟಗಿದೆ, ಗೌರಮ್ಮನ ಮಗಳೆಂದು ಯಾರಿಗೂ ಹೇಳಬೇಡ. ಇದು ಸಾಲವಲ್ಲ, ಕೊಡುಗೆಯಲ್ಲ. ನನ್ನ ಇಡುಗಂಟು. ಹೊಲಿಗೆ ಬಿಚ್ಚಬೇಡ. ಅಕ್ಕಿಯ ತಳದಲ್ಲಿ ಇರಲಿ.

ತೀರಾ ಕಷ್ಟವಾದರೆ ಬಿಚ್ಚಬಹುದು ಎಂದು ನಾನು ಬರೆಯುತ್ತಿಲ್ಲ. ಬರೆದರೆ ನೀನು ಗಂಟನ್ನೇ ಹಿಂದಕ್ಕೆ ಕಳಿಸುತ್ತೀಯ.

ನಿನ್ನ ಹಠದ ಮಗಳು,
ಅಪ್ಪಿ


ಮೆಟುಚೆನ್
27 ಜೂನ್ 1999

ಅಮ್ಮಾ,

ಎರಡು ತಿಂಗಳಾದರೂ ಒಂದು ಸಾಲಿಲ್ಲ! ನಿನ್ನೆ ತಡೆಯಲಾರದೆ ಫೋನ್ ಮಾಡಿದೆ. ಕಾಲಿಂಗ್ ಕಾರ್ಡಿನ ನಿಮಿಷಗಳೆಲ್ಲ ಶೈಲಮ್ಮನವರ 'ಅಲ್ಲಿ ಚಳಿನಾ?'ಗೇ ಹೋದವು. ನೀನು ಬಂದು 'ಹೂಂ', 'ಊಟ ಆಯ್ತಾ', 'ಕಾಗದ ಹಾಕ್ತೀನಿ' ಎಂದು ಇಟ್ಟುಬಿಟ್ಟೆ. ಅವರು ಪಕ್ಕದಲ್ಲೇ ಇದ್ದರೆಂದು ಗೊತ್ತು. ಆದರೂ ಆ 'ಹೂಂ'ನಲ್ಲಿ ಏನಿತ್ತೆಂದು ಇಡೀ ದಿನ ಯೋಚಿಸಿದೆ. ಕೂಗಿದೆಯಾ? ಎಷ್ಟು ಬಿಟ್ಟೆ?

ಇಲ್ಲಿ ಎಲ್ಲರೂ ಮನೆ ಕೊಳ್ಳುವ ಮಾತಾಡುತ್ತಿದ್ದಾರೆ. ನೀತಾ ಆಂಟಿಯ ಮನೆಯ ಬೆಲೆ ಕೊಂಡ ಮೇಲೆ ಮೂರು ಪಟ್ಟಾಗಿದೆಯಂತೆ. 'ನಾವೇನ್ ಮಾಡಿದ್ವಿ? ಸುಮ್ನೆ ಮಲಗಿದ್ವಿ ಅಷ್ಟೆ' ಎಂದು ನಗುತ್ತಾರೆ. ಮಲಗಿರುವಾಗ ಗೋಡೆಗಳು ಸಂಪಾದಿಸುವುದನ್ನು ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ! ಆದರೆ ಇಂಥದ್ದೇನು ಕೇಳಿದರೂ ಈಗ ನನಗೆ ನೀನು ಹೆಗಲು ಬಗ್ಗಿಸಿ ಆ ಬಾಡಿಗೆ ಮೆಷಿನ್ ತುಳಿಯುವುದೇ ಕಾಣಿಸುತ್ತದೆ.

ನೀತಾ ಆಂಟಿ, ಇಶಾ ಇಬ್ಬರೂ ರಜಕ್ಕೆ ಮೈಸೂರಿಗೆ ಹೊರಟಿದ್ದಾರೆ. ನಿನ್ನನ್ನು ನೋಡಲು ಬರುತ್ತಾರೆ. ದಯವಿಟ್ಟು ಬರಿ.

ಕಾಯುತ್ತಿರುವ,
ಅಪ್ಪಿ


ಮೈಸೂರು
24 ಆಗಸ್ಟ್ 1999

ಚಿ. ಅರ್ಪಿತಾಳಿಗೆ ಅಮ್ಮನ ಆಶೀರ್ವಾದ.

ಎಲ್ಲ ಮುಗಿಯುವವರೆಗೆ ಬರೆಯಬಾರದೆಂದು ಕೂತಿದ್ದೆ. ಬರೆದರೆ ದೃಷ್ಟಿಯಾಗುತ್ತದೆಂದು ಹೆದರಿಕೆ. ಈಗ ಮುಗಿಯಿತು.

ನಿನ್ನ ಗಂಟು ಬಂತು. ಎರಡು ದಿನ ನಿನ್ನನ್ನು ಬೈದೆ. ಆಮೇಲೆ ಅಕ್ಕಿ ಡಬ್ಬಕ್ಕೆ ಹಾಕಿದೆ. ಇಡುಗಂಟು ಅಂದಮೇಲೆ ಏನು ಮಾಡಲಿ?

ಮೊದಲು ಕಾಲೇಜಿಗೆ ಹೋದೆವು. ಗಂಟನ್ನು ಚೀಲದಲ್ಲಿಟ್ಟುಕೊಂಡಿದ್ದೆ. ಹೊಲಿದು ಸಂಪಾದಿಸಿದ್ದ ಅರ್ಧ ಫೀಸೂ ಇತ್ತು. ಎರಡು ಕಂತಿನಲ್ಲಿ ಕಟ್ಟುತ್ತೇನೆ ಎಂದು ಪ್ರಿನ್ಸಿಪಾಲರನ್ನು ಕೇಳಿದೆ. ನಿನ್ನ ಕಾನ್ವೆಂಟಿನಲ್ಲೂ ಒಂದು ಸಲ ಹೀಗೇ ಕೇಳಿದ್ದೆ. ಆಗ ಸೆರಗು ಹಿಂಡುತ್ತಾ ಬಾಗಿಲ ಹತ್ತಿರವೇ ನಿಂತಿದ್ದೆ, ಆಗಲ್ಲ ಎಂದಿದ್ದರು. ಈ ಸಲ ಕುರ್ಚಿ ಎಳೆದು ಕೂತೆ. 'ಪೂರ್ತಿ ಬೇಕಂದ್ರೆ ಇವತ್ತೇ ಏರ್ಪಾಡು ಮಾಡ್ತೀನಿ ಸಾರ್, ತೊಂದ್ರೆ ಇಲ್ಲ. ಕಂತಾದ್ರೆ ನನಗೆ ಅನುಕೂಲ' ಎಂದೆ. ಅವರು ನನ್ನ ಮುಖ ನೋಡಿ, 'ಆಯ್ತಮ್ಮ, ಉಳಿದದ್ದು ಆಗಸ್ಟ್ ಕೊನೇಲಿ ಕಟ್ಟಿ' ಎಂದರು. ಹೊರಗೆ ಬಂದು ಲಾವಣ್ಯಾ 'ಅಮ್ಮ, ಎಷ್ಟು ಜೋರು ಮಾಡಿದೆ!' ಎಂದಳು. ಜೋರು ನನ್ನದಲ್ಲ. ಪೂರ್ತಿ ದುಡ್ಡು ಚೀಲದಲ್ಲಿತ್ತು, ಅದಕ್ಕೇ ಕಂತು ಕೇಳುವ ಧೈರ್ಯ ಬಂತು.

ಅದಾದ ಮೇಲೆ ಜೂನ್ ಚೀಟಿ. ನಿಂಗಮ್ಮ ನನ್ನನ್ನೇ ನೋಡುತ್ತಾ 'ನೂರು ಬಿಟ್ಟೆ' ಎಂದಳು. ನಾನು ಮಾತಾಡಲಿಲ್ಲ. ಮುಂದಿನ ಕೂಗು ಅವಳ ಬಾಯಲ್ಲೇ ಸಿದ್ಧವಾಗಿತ್ತು, ತುಟಿ ಆಡುತ್ತಿತ್ತು. ಶೈಲಮ್ಮ ಮೂರು ಸಲ ಕೇಳಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. 'ಯಾರಾದ್ರೂ ಕೂಗ್ರಮ್ಮೋ!' ಎಂದು ನಿಂಗಮ್ಮನೇ ಹೆದರಿ ಕಿರುಚಿದಳು. ಎರಡು ಮೂರು ಸಾವಿರ ಹೋಗುವ ಕಡೆ ನೂರೇ ರೂಪಾಯಿಗೆ ಅವಳಿಗೆ ಗಂಟು ಸಿಕ್ಕಿತು. ಓಣಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಬಂದಳು. ನಾನು ಬಾಯಿ ಮುಚ್ಚಿದ್ದಕ್ಕೆ ನನ್ನದೂ ಉಳಿಯಿತು, ಅವಳದೂ ಉಳಿಯಿತು. ಇಷ್ಟು ವರ್ಷ ನಾವಿಬ್ಬರೂ ಒಬ್ಬರದನ್ನೊಬ್ಬರು ಕಿತ್ತು ಹೊರಗೆ ಎಸೆಯುತ್ತಿದ್ದೆವಲ್ಲ ಎನ್ನಿಸಿತು.

ಜುಲೈನಲ್ಲಿ ಉಳಿದವರು ನಾನು, ಶೈಲಮ್ಮ. ಅವರೂ ಕೂಗಲಿಲ್ಲ, ನಾನೂ ಕೂಗಲಿಲ್ಲ. ಹಜಾರದಲ್ಲಿ ಫ್ಯಾನಿನ ಸದ್ದು ಮಾತ್ರ. 'ನೀನೇ ತಗೋ ಗೌರಮ್ಮ, ಮಗಳ ಫೀಸಿದೆಯಲ್ಲ' ಎಂದರು. 'ಬೇಡ, ನೀವೇ ತಗೊಳ್ಳಿ. ನನಗೇನು ಅವಸರ' ಎಂದೆ. ಹಾಗೆ ಹೇಳಿದವಳು ನಾನೇನಾ ಎಂದು ನನಗೇ ಆಶ್ಚರ್ಯ. ನೀನು ಬರೆದಿದ್ದ ಆ ಒಂಟಿ ವಡೆ ನೆನಪಾಗಿ ನಗು ತಡೆದುಕೊಂಡೆ. ಕೊನೆಗೆ ಲೋಟದಲ್ಲಿ ಎರಡು ಹೆಸರು ಹಾಕಿ ನಿಂಗಮ್ಮನಿಂದ ಎತ್ತಿಸಿದರು. ಶೈಲಮ್ಮನ ಹೆಸರು ಬಂತು. ಅವರ ಮುಖ ನೋಡಬೇಕಿತ್ತು ನೀನು. ಅವರ ಚೀಟಿಯಲ್ಲಿ ಅವರನ್ನು ಬಿಟ್ಟು ಬೇರೆಯವರು ಕೊನೆಗೆ ಕೂತದ್ದು ಇದೇ ಮೊದಲು.

ಈ ತಿಂಗಳು ಪೂರ್ತಿ ಹತ್ತು ಸಾವಿರ ನನ್ನ ಕೈಗೆ ಬಂತು. ಒಟ್ಟಿಗೆ ದುಡ್ಡು ಎಣಿಸಿದ್ದಕ್ಕೆ ಅಂಗಡಿಯವನು ಮೆಷಿನ್ ಬೆಲೆಯಲ್ಲಿ ಐನೂರು ಬಿಟ್ಟ, ಕತ್ತರಿಯನ್ನೂ ಕೊಟ್ಟ. ಬ್ಯಾಂಕು, ಅಂಗಡಿ, ರೈಲು ಅಂತ ನೀನು ಬರೆದದ್ದೆಲ್ಲ ನಿಜವೇ ಮಗಳೇ. ಕಾಲೇಜಿನ ಎರಡನೇ ಕಂತನ್ನು ವರಮಹಾಲಕ್ಷ್ಮಿ ಹಬ್ಬದ ಹೊಲಿಗೆಯ ದುಡ್ಡಿನಲ್ಲಿ ನಿನ್ನೆ ಕಟ್ಟಿದೆ. ಶೈಲಮ್ಮನ ಮೆಷಿನ್ ಅವರ ಹಜಾರಕ್ಕೆ ವಾಪಸ್ಸಾಯಿತು.

ನಿನ್ನ ಗಂಟಿನ ಹೊಲಿಗೆ ಬಿಚ್ಚಿಲ್ಲ. ಒಳಗೆ ನೋಟಿದೆಯೋ ಪೇಪರ್ ಇದೆಯೋ ನಾನು ನೋಡಿಲ್ಲ. ಸೊಟ್ಟ ಹೊಲಿಗೆ ಹಾಗೇ ಇದೆ. ನೀತಾ ಅವರ ಕೈಯಲ್ಲಿ ಕಳಿಸೋಣವೆಂದು ತೆಗೆದಿಟ್ಟಿದ್ದೆ. ಅಷ್ಟರಲ್ಲಿ ನಿಂಗಮ್ಮ ಬಂದಳು. ಹೊಸ ಚೀಟಿ ಶುರುವಾಗುತ್ತಿದೆ, ಅವಳೂ ಸೇರುತ್ತಾಳೆ. ಗಂಟಿನ ವಿಷಯ ಅವಳಿಗೆ ಹೇಳಿದ್ದೆ. ಬುಟ್ಟಿ ಕೆಳಗಿಟ್ಟು, 'ಗೌರಕ್ಕ, ಆ ಗಂಟ ಒಂದ್ ವರ್ಸ ನಮ್ಮನೇಲಿ ಇಟ್ಕೊಳಾಕೆ ಕೊಟ್ಟೀಯಾ? ಮುಟ್ಟಾಕಿಲ್ಲ. ಮನೇಲಿದ್ರೆ ಸಾಕು' ಎಂದಳು.

ಇಡುಗಂಟು ನಿನ್ನದು. ಕೇಳದೆ ಕೊಡಲಾರೆ. ಅದಕ್ಕೇ ಕೇಳುತ್ತಿದ್ದೇನೆ.

ಅಮ್ಮ


ಮೆಟುಚೆನ್
12 ಸೆಪ್ಟೆಂಬರ್ 1999, ಗೌರಿ ಹಬ್ಬ

ಅಮ್ಮಾ,

ನಿನ್ನ ಕಾಗದ ನಿನ್ನೆ ಬಂತು, ನೀತಾ ಆಂಟಿಯ ಕೈಯಲ್ಲಿ ಕಳಿಸಿದ ಗೌರಿ ಬಾಗಿನ ಅದಕ್ಕೂ ಮುಂಚೆ ಬಂದಿತ್ತು. ಕಾಗದ ಓದುವವರೆಗೆ ರವಿಕೆ ಕಣವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಓದಿ ಓಡಿಹೋಗಿ ಬಿಡಿಸಿ ನೋಡಿದೆ. ನಾಲ್ಕೂ ಅಂಚಿಗೆ ಜಿಗ್‌ಜಾಗ್! ಎಲ್ಲೂ ಒಂದು ಎಳೆ ತಪ್ಪಿಲ್ಲ. ನಿನ್ನ ಸ್ವಂತ ಮೆಷಿನ್ನಿನದು! ಅಂಚಿನುದ್ದಕ್ಕೂ ಬೆರಳು ಎಳೆಯುತ್ತಾ ಕೂತಿದ್ದೆ. ಮಂಜೇಶ್ ಗಾಬರಿಯಾಗಿ, 'ಯಾಕೆ ಅಪ್ಪಿ, ಏನಾಯ್ತು?' ಎಂದರು. ಕಾಗದ ಕೊಟ್ಟೆ. ಎರಡು ಸಲ ಓದಿದರು. ಆಮೇಲೆ, 'ನಾವು ಖರ್ಚು ಮಾಡಿ ಉಳಿಸ್ತೀವಿ. ನಿಮ್ಮಮ್ಮ ಮುಟ್ಟದೇ ಇರೋ ದುಡ್ಡಲ್ಲಿ ಇಷ್ಟೆಲ್ಲ ಮಾಡಿದ್ರಾ?' ಎಂದರು.

ನೀನು ಕುರ್ಚಿ ಎಳೆದು ಕೂತಿದ್ದನ್ನು ಇಶಾಗೂ ಹೇಳಿದೆ. 'ಯುವರ್ ಮಾಮ್ ಈಸ್ ಸೋ ಕೂಲ್' ಎಂದಳು. ನೀನು ಅವಳಿಗೆ ಕೊಟ್ಟ ಕೋಡುಬಳೆಯನ್ನು ವಿಮಾನದಲ್ಲೇ ಮುಗಿಸಿದಳಂತೆ.

ನಾನು ಇಲ್ಲಿ ದೊಡ್ಡ ದೊಡ್ಡದೆಲ್ಲ ನೋಡಿ ಬಾಯಿ ತೆರೆದುಕೊಂಡಿದ್ದೆ ಅಮ್ಮ. ಮೂರು ನೋಟು ಅಕ್ಕಿಯ ತಳದಲ್ಲಿ ಸುಮ್ಮನೆ ಮಲಗಿ ಮಾಡಿದ್ದನ್ನು ನೋಡಿದ ಮೇಲೆ ಅವೆಲ್ಲ ಸಣ್ಣದಾಗಿ ಕಾಣುತ್ತಿವೆ.

ನಿಂಗಮ್ಮನಿಗೆ ಕೊಡು. ಒಂದು ವರ್ಷವೇಕೆ, ಎಷ್ಟು ದಿನ ಬೇಕೋ ಅಷ್ಟು ದಿನ ಇರಲಿ. ಅವಳ ಮನೆಯಲ್ಲಿ ಅವಳ ಗಂಡನಿಗೆ ಸಿಗದ ಡಬ್ಬ ಯಾವುದೆಂದು ನೀನೇ ಹುಡುಕಿಕೊಡು. ಕೊಡುವ ಮೊದಲು ನಿನ್ನ ಮೆಷಿನ್ನಿನಲ್ಲಿ ಗಂಟಿನ ಅಂಚು ಹೊಲಿ, ನನ್ನ ಹೊಲಿಗೆಯನ್ನು ನಂಬಬೇಡ.

ಆದರೆ ಒಂದು ಮಾತು. ಬಿಚ್ಚಬೇಡ ಎಂದು ನಾನು ನಿನಗೆ ಬರೆದಿದ್ದೆ. ಅವಳಿಗೆ ಹಾಗೆ ಹೇಳಬೇಡ.

ಬಾಗಿನದ ಬಳೆ ತೊಟ್ಟುಕೊಂಡೇ ಬರೆಯುತ್ತಿರುವ,
ನಿನ್ನ ಅಪ್ಪಿ